ಇನ್ನೂರು ದಿನಗಳ ತೊಟ್ಟಿ: ಕಾಳಿ ಕೊಳ್ಳದಲ್ಲಿ ಮಳೆಕೊಯ್ಲಿನ ಚರಿತ್ರೆ ಮತ್ತು ಅಳತೆ

ಕರ್ನಾಟಕದ ಮಳೆಕೊಯ್ಲಿನ ಚರಿತ್ರೆ ಬರೆಯುವವರ ಕಣ್ಣು ಸಾಮಾನ್ಯವಾಗಿ ಚಿತ್ರದುರ್ಗ, ವಿಜಯಪುರ, ಕೋಲಾರ, ಬೆಂಗಳೂರುಗಳತ್ತ ಹೋಗುತ್ತದೆ. ನೀರಿನ ಬರ ಇದ್ದಲ್ಲೇ ನೀರು ಹಿಡಿಯುವ ಜಾಣ್ಮೆ ಬೆಳೆಯಿತು ಎಂಬ ಊಹೆ ಇದರ ಹಿಂದಿದೆ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ಕೊಳ್ಳದಲ್ಲಿರುವ, ಜೋಯಿಡಾ ತಾಲ್ಲೂಕಿನ ಗಣೇಶಗುಡಿಯನ್ನು ನಡುವಿಗಿಟ್ಟುಕೊಂಡು ಅದೇ ಚರಿತ್ರೆಯನ್ನು ಓದಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನಾಡಿನಲ್ಲಿ ಏಪ್ರಿಲ್ ಹೊತ್ತಿಗೆ ಕೊಡಪಾನ ಹಿಡಿದು ಹಳ್ಳಕ್ಕಿಳಿಯುವ ಸ್ಥಿತಿ ಏಕೆ ಬರುತ್ತದೆ? ಬೆಂಗಳೂರಿನ ಒಣನೆಲಕ್ಕೆ ರೂಪಿಸಿದ ಅಳತೆಯನ್ನು ಘಟ್ಟದ ಮನೆಗೂ ಶಾಲೆಗೂ ಹಾಗೆಯೇ ತಂದದ್ದು ಇದಕ್ಕೆ ಒಂದು ಕಾರಣ ಎಂಬುದು ಈ ಲೇಖನದ ವಾದ.

ಮೊದಲು ಮಳೆಯ ಹಂಚಿಕೆ. ಜೋಯಿಡಾ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಐವತ್ತು ಕಿಲೋಮೀಟರಿಗಿಂತ ಕಡಿಮೆ ದೂರದ ಹಳಿಯಾಳಕ್ಕೆ ಬರುವಷ್ಟರಲ್ಲಿ ಅದು ನಾಲ್ಕನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಮುಂಡಗೋಡವೂ ಇದೇ ಅರೆಮಲೆನಾಡಿನ ಪಟ್ಟಿಗೆ ಸೇರಿದ್ದು. ಹೀಗಾಗಿ ಹಳಿಯಾಳ, ಮುಂಡಗೋಡಗಳು ಕೆರೆ ಕಟ್ಟಿದವು; ಜೋಯಿಡಾ ಝರಿಯನ್ನು, ಹಳ್ಳವನ್ನು ನಂಬಿತು.

ಕೆರೆ ಕಟ್ಟುವ ಪರಂಪರೆಗೆ ಈ ಜಿಲ್ಲೆಯಲ್ಲಿ ಬಹಳ ಹಳೆಯ ಶಾಸನಾಧಾರವಿದೆ. ಬನವಾಸಿಯ ಬಳಿಯ ಗುಡ್ನಾಪುರದ ಸ್ತಂಭಶಾಸನ ಕದಂಬ ರವಿವರ್ಮನ ಕಾಲದ್ದು. ಅಲ್ಲಿನ ಕೆರೆಯ ಉಲ್ಲೇಖ ಅದರಲ್ಲಿದೆ. ಜಿಲ್ಲೆಯ ಹೊರಗೆ, ಅದಕ್ಕೂ ಹಿಂದಿನ ತಾಳಗುಂದ ಶಾಸನ ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಚಂದ್ರವಳ್ಳಿಯ ಶಾಸನ ಮಯೂರಶರ್ಮನ ಕೆರೆಯ ಕೆಲಸವನ್ನು ದಾಖಲಿಸುತ್ತದೆ. ತಾಳಗುಂದದ ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಕಟ್ಟಡ ಮತ್ತು ಅದರ ನೀರಿನ ನೆಲೆಯನ್ನು ಒಂದೇ ಕೆಲಸವೆಂದು ಕಂಡ ದೃಷ್ಟಿ ಅಲ್ಲಿದೆ.

ಈ ದೃಷ್ಟಿ ಪೂರ್ಣರೂಪ ತಳೆದದ್ದು ಚಿತ್ರದುರ್ಗದ ಕೋಟೆಯಲ್ಲಿ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆ ಮೇಲಿನ ಹೊಂಡಗಳಲ್ಲಿ ನಿಂತು, ಅಲ್ಲಿ ತುಂಬಿದ ಮೇಲೆ ಕೆಳಗಿನದಕ್ಕೆ ಹರಿದು, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡಗಳನ್ನು ದಾಟಿ ಊರೊಳಗಿನ ಸಂತೆಹೊಂಡ ಸೇರುವಂತೆ ಇಡೀ ದುರ್ಗ ರೂಪುಗೊಂಡಿದೆ. ಒಂದು ಹನಿ ಹಲವು ಬಾರಿ ನಿಂತು ಬಳಕೆಯಾಗುವ ಈ ಏರ್ಪಾಡನ್ನು ಕಂಡಾಗ, ಸುಸ್ಥಿರ ಕಟ್ಟಡ ಎಂಬ ಇಂದಿನ ಮಾತಿಗೆ ಬೇಕಾದ ಅರ್ಥವೆಲ್ಲ ಅಲ್ಲಿ ಕಲ್ಲಿನಲ್ಲೇ ಕೂತಿದೆ ಎನ್ನದೆ ಇರಲಾರೆ.

ಘಟ್ಟದ ಮನೆಯ ಕಥೆ ಬೇರೆ. ಅಲ್ಲಿ ಕಡಿದಾದ ಇಳಿಜಾರಿನ ಚಾವಣಿ ನೀರನ್ನು ಆದಷ್ಟು ಬೇಗ ಗೋಡೆಯಿಂದ ದೂರ ತಳ್ಳಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲು, ಸೋಗೆ, ನಾಡಹಂಚುಗಳ ಜಾಗಕ್ಕೆ ಮಂಗಳೂರು ಹಂಚು ಬಂತು. ಚಾವಣಿಯಿಂದ ಸ್ವಚ್ಛ ನೀರು ಸಿಗುವ ಸಾಧ್ಯತೆ ಹೆಚ್ಚಿತಾದರೂ ಅದನ್ನು ವರ್ಷಪೂರ್ತಿಗೆ ಕೂಡಿಡುವ ರೂಢಿ ಬೆಳೆಯಲಿಲ್ಲ. ಬೆಳೆಯಬೇಕಾದ ಅಗತ್ಯವೂ ಆಗ ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರು ಹಗಲಿರುಳು ಅಂಗಳಕ್ಕೆ ಬೀಳುತ್ತಿತ್ತು. ಕಾಡು ಮತ್ತು ಸೊಪ್ಪಿನ ಬೆಟ್ಟವೇ ಮನೆಯ ತೊಟ್ಟಿಯ ಕೆಲಸ ಮಾಡುತ್ತಿದ್ದವು. ಬಚ್ಚಲ ನೀರು ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮರುಬಳಕೆಗೆ ಆಗ ಪ್ರತ್ಯೇಕ ಹೆಸರಿನ ಅಗತ್ಯವಿರಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕಾಳಿ ಕೊಳ್ಳದಲ್ಲಿ ಮಳೆ ಹಿಡಿಯುವ ಕೆಲಸ ಮನೆಯ ಅಳತೆಯಿಂದ ನದಿಯ ಅಳತೆಗೆ ಜಿಗಿಯಿತು. ಕಾಳಿ ಜಲವಿದ್ಯುತ್ ಯೋಜನೆಯ ಭಾಗವಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು, 1987ರಲ್ಲಿ ಪೂರ್ಣಗೊಂಡಿತು. ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪಟ್ಟಣವೇ ನೀರಿನಡಿ ಹೋಯಿತು. ಅಲ್ಲಿಯ ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಸುಮಾರು 145 ಟಿಎಂಸಿ ಅಡಿ ನೀರು ನಿಲ್ಲುವ ಈ ಜಲಾಶಯ ಮಾಡುವ ಕೆಲಸವೇನು? ನಾಲ್ಕು ತಿಂಗಳ ಮಳೆಯನ್ನು ಉಳಿದ ಎಂಟು ತಿಂಗಳಿಗೆ ಹಂಚುವುದು. ಸೂಪಾದ 100 ಮೆಗಾವಾಟ್ ವಿದ್ಯುದಾಗಾರವೂ ಕೆಳಗಿನ ನಾಗಝರಿ, ಕೊಡಸಳ್ಳಿ, ಕದ್ರಾಗಳೂ ಈ ಹಂಚಿಕೆಯನ್ನೇ ನಂಬಿವೆ. ಗಣೇಶಗುಡಿಯ ರ‍್ಯಾಫ್ಟಿಂಗ್ ಸಹ ಇಲ್ಲಿಂದ ಬಿಡುವ ನೀರಿನ ಮೇಲೆ ನಿಂತಿದೆ. ಕಾಳಿಯ ನೀರನ್ನೆತ್ತಿ ಹಳಿಯಾಳದ ಕೆರೆ ತುಂಬಿಸುವ ಏತ ಯೋಜನೆಯೂ ಬಂತು. ಆದರೆ ಹಿನ್ನೀರಿಗಿಂತ ಮೇಲೆ, ಗುಡ್ಡದ ಮಗ್ಗುಲುಗಳಲ್ಲಿ ಹತ್ತು ಹದಿನೈದು ಮನೆಗಳ ಗುಂಪಾಗಿ ಚದುರಿದ ಊರುಗಳಿಗೆ ಆ ನೀರು ಕಣ್ಣಿಗೆ ಕಂಡರೂ ಕೈಗೆ ದೂರ. ಪೈಪು, ಪಂಪು, ಕರೆಂಟು ಮೂರೂ ಕಾಡಿನ ನಡುವೆ ಪ್ರತಿ ಮಳೆಗಾಲವೂ ಉಳಿದು ಬರಬೇಕು.

ಇದೇ ದಶಕಗಳಲ್ಲಿ ಚಾವಣಿ ನೀರಿನ ಹೊಸ ವಿದ್ಯೆ ಬೇರೆಡೆ ಬೆಳೆಯಿತು. ಕಾಸರಗೋಡಿನ ಗಡಿಯಿಂದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲ), ಮದಕ (ಮಳೆನೀರು ತಡೆದು ನಿಲ್ಲಿಸುವ ಕಟ್ಟೆ) ಇವುಗಳ ತಿಳಿವಳಿಕೆಯನ್ನು ಕನ್ನಡದಲ್ಲಿ ಬರೆದು ಹಬ್ಬಿಸಿದರು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ 1990ರ ದಶಕದ ನಡುವಿನಲ್ಲಿ ವಿಜಯನಗರದಲ್ಲಿ ಕಟ್ಟಿದ ‘ಸೌರಭ’ ಮನೆ ಜಲಮಂಡಳಿಯ ನಲ್ಲಿಯನ್ನು ನೆಚ್ಚದೆ ಮಳೆನೀರಿನಲ್ಲೇ ಬಾಳಿತು. ಅವರ ಲೆಕ್ಕದ ಕ್ರಮ ಬಹಳ ಬೆಲೆಯುಳ್ಳದ್ದು. ಹಳೆಯ ಮಳೆ ದಾಖಲೆಗಳನ್ನು ನೋಡಿ, ಎರಡು ಒಳ್ಳೆಯ ಮಳೆಗಳ ನಡುವಿನ ಅಂತರ ಹೆಚ್ಚೆಂದರೆ ನೂರು ದಿನ ಎಂದು ಕಂಡುಕೊಂಡರು. ದಿನಕ್ಕೆ 400 ಲೀಟರ್ ಬಳಸುವ ಕುಟುಂಬಕ್ಕೆ 40 ಸಾವಿರ ಲೀಟರ್ ದಾಟಿದ ಸಂಗ್ರಹ ಸಾಕು ಎಂದು ತೀರ್ಮಾನಿಸಿದರು.

ಆಮೇಲೆ ಕಾನೂನು ಬಂತು. ತಮಿಳುನಾಡು 2003ರಲ್ಲಿ ಚಾವಣಿ ಮಳೆಕೊಯ್ಲನ್ನು ಕಡ್ಡಾಯಗೊಳಿಸಿತು; ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿ ಅದನ್ನೇ ಮಾಡಿತು. ಚಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್ ಹಿಡಿಯಬೇಕು ಇಲ್ಲವೆ ಇಂಗಿಸಬೇಕು ಎಂಬುದು ಆಗಿನ ಅಳತೆ. ಸುವರ್ಣ ಕರ್ನಾಟಕದ ವರ್ಷದಲ್ಲಿ ‘ಸುವರ್ಣ ಜಲ’ ಯೋಜನೆ ಇಪ್ಪತ್ತು ಸಾವಿರಕ್ಕೂ ಮೀರಿದ ಹಳ್ಳಿ ಶಾಲೆಗಳಲ್ಲಿ ಮಳೆಕೊಯ್ಲಿನ ತೊಟ್ಟಿ ಕಟ್ಟುವ ಗುರಿಯಿಟ್ಟು ಹೊರಟಿತು. ನಿರ್ವಹಣೆಯಿಲ್ಲದೆ ಅದರ ತೊಟ್ಟಿಗಳು ಅನೇಕ ಕಡೆ ಪಾಳುಬಿದ್ದವು.

ಈಗ ಈ ಅಳತೆಗಳನ್ನು ಗಣೇಶಗುಡಿಗೆ ತಂದು ನೋಡೋಣ. ಬೆಂಗಳೂರಿಗೆ ಮುಂಗಾರು, ಹಿಂಗಾರು ಎರಡೂ ಇವೆ. ಬೇಸಿಗೆಯ ಗುಡುಗುಮಳೆಯೂ ಇದೆ. ಅದಕ್ಕೇ ನೂರು ದಿನದ ಅಂತರ ಅಲ್ಲಿ ಸಾಕಾಯಿತು. ಘಟ್ಟದ ಮಳೆ ಬಹುಪಾಲು ಒಂದೇ ಕಂತಿನದು. ನವೆಂಬರ್ ಮೊದಲಿನಿಂದ ಮೇ ಕೊನೆಯವರೆಗೆ 212 ದಿನ. ನಡುವಿನ ಅಡ್ಡಮಳೆಗೆ ಒಂದಿಷ್ಟು ಬಿಟ್ಟರೂ ಇನ್ನೂರು ದಿನ ದಾಟಿಸಬೇಕು. ವರ್ಷದ ಮಳೆಯನ್ನು 2,500 ಮಿಲಿಮೀಟರ್ ಎಂದು ಇಟ್ಟುಕೊಂಡು, ಐದರಲ್ಲಿ ಒಂದು ಪಾಲು ನಷ್ಟ ಕಳೆದರೆ, 100 ಚದರ ಮೀಟರಿನ ಹಂಚಿನ ಮನೆಯಿಂದ ಎರಡು ಲಕ್ಷ ಲೀಟರ್ ಇಳಿಯುತ್ತದೆ. ಐವರ ಕುಟುಂಬಕ್ಕೆ ತಲೆಗೆ 55 ಲೀಟರಿನಂತೆ ಇನ್ನೂರು ದಿನಕ್ಕೆ ಬೇಕಾದದ್ದು 55 ಸಾವಿರ ಲೀಟರ್. ಕುಡಿಯಲು, ಅಡುಗೆಗೆ ಮಾತ್ರ ಎಂದರೆ ತಲೆಗೆ 10 ಲೀಟರಿನಂತೆ 10 ಸಾವಿರ. ಆದರೆ ಚದರ ಮೀಟರಿಗೆ 20 ಲೀಟರಿನ ನಿಯಮದಲ್ಲಿ ಸಿಗುವ ತೊಟ್ಟಿ 2,000 ಲೀಟರಿನದು. ಆ ಮನೆಯ ಕುಡಿಯುವ ನೀರು ಅದರಲ್ಲಿ ನಲವತ್ತು ದಿನ ಬರುತ್ತದೆ. ಡಿಸೆಂಬರ್ ಎರಡನೆಯ ವಾರಕ್ಕೆ ಮುಗಿಯುತ್ತದೆ.

ಮಳೆ ಇಷ್ಟು ಧಾರಾಳವಾಗಿರುವುದರಿಂದ ಘಟ್ಟದ ಮನೆಗೆ ಬೇರೆಲ್ಲೂ ಸಿಗದ ಒಂದು ಅನುಕೂಲವೂ ಇದೆ. ಜೂನ್‌ನ ಮೊದಲ ನೀರು ಎಲೆ, ಹೂ, ಮಂಗಗಳ ಹೊಲಸನ್ನು ಹೊತ್ತು ಇಳಿಯುತ್ತದೆ. ಅದನ್ನು ಹಿಡಿಯುವ ಗರಜಿಲ್ಲ. ಅದೇ 100 ಚದರ ಮೀಟರಿನ ಚಾವಣಿಯಿಂದ 10 ಸಾವಿರ ಲೀಟರಿನ ತೊಟ್ಟಿ ತುಂಬಲು 125 ಮಿಲಿಮೀಟರ್ ಮಳೆ ಸಾಕು. ಚಾವಣಿ ಮೂರು ತಿಂಗಳು ತೊಳೆದುಕೊಂಡ ಮೇಲೆ, ಸೆಪ್ಟೆಂಬರಿನಲ್ಲಿ ತೊಟ್ಟಿ ಉಜ್ಜಿ, ದೋಣಿಯ ಕಸ ತೆಗೆದು, ಆಗಿನ ಮಳೆಯನ್ನು ತುಂಬಿಸಿ ಬೆಳಕು ಬೀಳದಂತೆ ಮುಚ್ಚಿಟ್ಟರೆ ಬೇಸಿಗೆಗೆ ತಿಳಿನೀರು ಸಿಗುತ್ತದೆ. ಮರದ ನೆರಳಿನ ಮನೆಗಳಲ್ಲಿ ವಾರಕ್ಕೊಮ್ಮೆ ಕಟ್ಟಿಕೊಳ್ಳುವ ಫಿಲ್ಟರಿನ ತೊಡಕೂ ಇದರಿಂದ ಬಹಳ ಕಡಿಮೆಯಾಗುತ್ತದೆ. ದೋಣಿ, ಪೈಪು ಮಾತ್ರ ಅಗಲವಿರಬೇಕು. ಗಂಟೆಗೆ 60 ಮಿಲಿಮೀಟರ್ ಸುರಿದರೆ ಅದೇ ಚಾವಣಿಯಿಂದ ನಿಮಿಷಕ್ಕೆ 100 ಲೀಟರ್ ಇಳಿಯುತ್ತದೆ.

ಇಂಗುಗುಂಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳಿಯಾಳ, ಮುಂಡಗೋಡಗಳ ಚಪ್ಪಟೆ ನೆಲದಲ್ಲಿ ಬಾವಿಯ ಬಳಿ ಇಂಗಿಸುವುದು ಒಳ್ಳೆಯದೇ. ಗುಡ್ಡ ಕಡಿದು ಮಾಡಿದ ನಿವೇಶನದ ಹಿಂದೆ ಚಾವಣಿಯ ಅಷ್ಟೂ ನೀರನ್ನು ಒಂದೇ ಗುಂಡಿಗೆ ಬಿಡುವುದು ಅಪಾಯ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಹೋದದ್ದನ್ನು ಕಂಡ ಜಿಲ್ಲೆ ಇದು. ನೀರು ಕುಡಿದ ಇಳಿಜಾರಿಗೆ ಇನ್ನಷ್ಟು ನೀರು ತುರುಕುವ ನಿಯಮವನ್ನು ಇಲ್ಲಿ ಯಾರೂ ಕಡ್ಡಾಯ ಮಾಡಬಾರದು.

ಮರುಬಳಕೆಯ ಹೊಣೆ ಹೆಚ್ಚು ಬೀಳಬೇಕಾದದ್ದು ರೆಸಾರ್ಟುಗಳ ಮೇಲೆ. ಅವುಗಳಿಗೆ ಜನ ಹೆಚ್ಚು ಬರುವುದು ಮಳೆ ನಿಂತ ಮೇಲೆ, ಅಂದರೆ ಝರಿಗಳು ಇಳಿಯುತ್ತಿರುವ ತಿಂಗಳುಗಳಲ್ಲಿ. ಬೆಂಗಳೂರಿನ ಕೊಳಚೆನೀರು ಶುದ್ಧಗೊಂಡು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿರುವಾಗ, ಕಾಳಿ ದಂಡೆಯ ರೆಸಾರ್ಟು ತನ್ನ ಸ್ನಾನದ ನೀರನ್ನು ಜವುಗು ಗಿಡಗಳ ಹಾಸಿನಲ್ಲಿ ಸೋಸಿ ತೋಟಕ್ಕೂ ಶೌಚಾಲಯಕ್ಕೂ ಬಳಸುವುದು ದೊಡ್ಡ ವಿದ್ಯೆಯೇನಲ್ಲ. ಪರವಾನಗಿ ನವೀಕರಿಸುವಾಗ ಪಂಚಾಯತಿಗಳು ಇದನ್ನು ಕೇಳಬೇಕು.

ಜೋಯಿಡಾದ ಶಾಲೆಗಳಿಂದ ಕೆಲಸ ಆರಂಭವಾಗಲಿ. ಐವತ್ತು ಮಕ್ಕಳ ಶಾಲೆಯಲ್ಲಿ ಕುಡಿಯಲು, ಬಿಸಿಯೂಟಕ್ಕೆ ತಲೆಗೆ 5 ಲೀಟರ್ ಎಂದರೆ ನವೆಂಬರಿನಿಂದ ಬೇಸಿಗೆ ರಜೆಯವರೆಗಿನ ಸುಮಾರು 130 ಶಾಲಾ ದಿನಗಳಿಗೆ 32,500 ಲೀಟರ್ ಬೇಕು. ಇಲ್ಲಿ ಕಟ್ಟುವ ಪ್ರತಿ ತೊಟ್ಟಿಯ ಗಾತ್ರವನ್ನು ಚಾವಣಿಯ ಅಗಲದಿಂದ ಅಳೆಯದೆ, ಮಳೆಯಿಲ್ಲದ ದಿನಗಳಿಂದ ಅಳೆಯಬೇಕೆಂದು ಜಿಲ್ಲಾ ಪಂಚಾಯತಿ ಒಂದು ಆದೇಶ ಹೊರಡಿಸಲಿ.