ಕಾವಲಿನ ಹುಲ್ಲು

ಮೊಳಕಾಲ್ಮೂರು ಸೀಮೆಯ ಸಿದ್ದಾಪುರದ ಬಂಡೆಯಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನವಿದೆ. ಜೀವಿಗಳಲ್ಲಿ ದಯೆಯಿರಲೆಂದು ಅದು ಸಾರುತ್ತದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಜೀವಿಗಳನ್ನು ಸಲಹಿದ್ದು ಹುಲ್ಲು. ಮೈಸೂರು ಅರಸರು ತಮ್ಮ ರಾಸುಗಳಿಗಾಗಿ ಹುಲ್ಲಿನ ಕಾವಲುಗಳನ್ನು ಮೀಸಲಿಟ್ಟರು. ಟಿಪ್ಪು ಸುಲ್ತಾನನು ಆ ಇಲಾಖೆಯನ್ನು ಅಮೃತ ಮಹಲ್ ಎಂದು ಕರೆದನು.

ಹುಲ್ಲಿನ ಎಲೆ ಮಳೆಹನಿಯ ಹೊಡೆತವನ್ನು ತಾಳುತ್ತದೆ. ಬೇರು ಮಣ್ಣನ್ನು ಹಿಡಿದು ನೀರನ್ನು ಇಂಗಿಸುತ್ತದೆ. ಆದರೂ ಹುಲ್ಲುಗಾವಲನ್ನು ನಾವು ಬಂಜರೆನ್ನುತ್ತೇವೆ. 2010ರ ಸುಮಾರಿಗೆ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಪಾಲಾಯಿತು; ಕುರಿಗಾಹಿಗಳು ಗೋಡೆಯ ಹೊರಗುಳಿದರು.

ಆದಿಕಾಂಡದ ಸೃಷ್ಟಿಕ್ರಮದಲ್ಲಿ ಪಶುಗಳಿಗೂ ಮನುಷ್ಯನಿಗೂ ಮೊದಲು ಹುಲ್ಲು ಮೂಡುತ್ತದೆ. ದೇವರು ಮೊದಲು ಹಾಸಿದ ಹೊದಿಕೆಯನ್ನು ಕಿತ್ತೊಗೆಯುವ ಮುನ್ನ ನಾವು ಒಮ್ಮೆ ಯೋಚಿಸಬೇಡವೇ?