ಮರಿಯೆಲ್ ವಲಸೆ
1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕದ ಫ್ಲಾರಿಡಾ ಸೇರಿದ ಘಟನೆ. ಅವರಲ್ಲಿ ಅರ್ಧದಷ್ಟು ಮಂದಿ ಮಯಾಮಿಯಲ್ಲೇ ನೆಲೆಸಿದರು. ಅಲ್ಲಿನ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. ಆದರೂ ಇತರ ನಗರಗಳಿಗೆ ಹೋಲಿಸಿದರೆ ಮಯಾಮಿಯ ಸ್ಥಳೀಯರ ಕೂಲಿ, ಉದ್ಯೋಗಗಳಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲವೆಂದು ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. (2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು ಇವರೇ.) ಬಂದವರು ಕೆಲಸ ಕೇಳುವವರಷ್ಟೇ ಅಲ್ಲ, ಬಾಡಿಗೆ ಕಟ್ಟಿ ದಿನಸಿ ಕೊಳ್ಳುವವರೂ ಹೌದು ಎಂಬುದು ಇದಕ್ಕೊಂದು ವಿವರಣೆ. ಸ್ವತಃ ಕ್ಯೂಬಾದಿಂದ ಬಂದ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಆ ಕಾಲದ ಅಂಕಿಅಂಶಗಳನ್ನು ಮತ್ತೆ ಕೆದಕಿ, ಪ್ರೌಢಶಾಲೆ ಮುಗಿಸದ ಗಂಡಸರ ಕೂಲಿ ತೀವ್ರವಾಗಿ ಕುಸಿದಿತ್ತೆಂದರು. ಬೋರ್ಹಾಸ್ ಆಯ್ದುಕೊಂಡ ಮಾದರಿ ಗುಂಪು ತೀರ ಚಿಕ್ಕದೆಂಬ ಆಕ್ಷೇಪ ಗಟ್ಟಿಯಾದದ್ದೇ. ಆದರೆ ನಗರದ ಸರಾಸರಿಯೊಳಗೆ ಅತಿ ಬಡ ಕೂಲಿಕಾರನ ನಷ್ಟ ಕಾಣದೆ ಹೋಗಬಹುದೆಂಬ ಅವರ ಎಚ್ಚರಿಕೆಯನ್ನು ತಳ್ಳಿಹಾಕಲಾಗದು.