ಭೀಮೆ ಇಳಿದ ಮೇಲೆ

ಜೇವರ್ಗಿ ತಾಲೂಕಿನ ಇಜೇರಿಯಂತಹ ಊರುಗಳಲ್ಲಿ ಬೆಳೆದವರಿಗೆ ಚಂಡಮಾರುತವೆಂದರೆ ಕಡಲ ದಂಡೆಯವರ ಕಷ್ಟ. ನಮ್ಮ ಕಷ್ಟದ ಹೆಸರು ಬರ. ಬಹಮನಿ ಕಾಲದ ನೆನಪೂ ಬರದ್ದೇ. ಗುಲಬರ್ಗಾದಿಂದ ಆಳಿದ ಎರಡನೇ ಮುಹಮ್ಮದ್ ಷಾ (1378–1397) ಕ್ಷಾಮ ಬಂದಾಗ ಹತ್ತು ಸಾವಿರ ಎತ್ತುಗಳನ್ನು ಹೂಡಿ ಮಾಳವ, ಗುಜರಾತಿನಿಂದ ಧಾನ್ಯ ತರಿಸಿ ಅಗ್ಗದ ದರಕ್ಕೆ ಮಾರಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಹಸಿದವನ ಬಳಿ ಹೊಲವಿದೆಯೇ ಎಂದು ಆ ಎತ್ತುಗಳು ಕೇಳಲಿಲ್ಲ.

ಆದರೆ ಕಡಲು ನಮ್ಮನ್ನೂ ಬಿಟ್ಟಿಲ್ಲ. 2009ರ ಸೆಪ್ಟೆಂಬರ್ ಕೊನೆಯ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. 'ಆಸರೆ' ಯೋಜನೆಯಲ್ಲಿ ಹೊಸ ಮನೆಗಳೆದ್ದವು. ಹಲವೆಡೆ ಅವು ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ. ಜನ ಹಳೆಯ ಊರಿಗೇ ಮರಳಿದರು. ಗೋಡೆ ಕಟ್ಟುವುದು ಬೇರೆ, ಬದುಕು ಕಟ್ಟುವುದು ಬೇರೆ.

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ಮುಟ್ಟಿ, ತೆಲಂಗಾಣ ದಾಟಿ ನಮ್ಮ ಎರೆ ನೆಲದ ಮೇಲೂ ಸುರಿಯಿತು. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಭೀಮೆ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ಅದು ತೊಗರಿ ಹೂ ಬಿಡುವ ಹೊತ್ತು. ಎರೆ ನೆಲ ನೀರನ್ನು ಬೇಗ ಬಿಟ್ಟುಕೊಡದು. ಬೇರು ಕೊಳೆತು ಗಿಡ ಬಾಡುತ್ತದೆ. 2019ರಲ್ಲಷ್ಟೇ ಭೌಗೋಳಿಕ ಮಾನ್ಯತೆ ಪಡೆದಿದ್ದ ಕಲಬುರಗಿ ತೊಗರಿಯ ಗತಿ ಇದು.

ಆದರೂ ಅದೇ ಹಸಿಯಲ್ಲಿ ಹಿಂಗಾರಿ ಅಡಗಿದೆ. ನೆಲ ಹದಕ್ಕೆ ಬಂದ ಕೆಲವೇ ವಾರಗಳಲ್ಲಿ ಕಡಲೆ, ಬಿಳಿಜೋಳ ಬಿತ್ತಬೇಕು. ಬೀಜ, ಎತ್ತು, ಮೇವು, ಕೈಯಲ್ಲಿ ನಾಲ್ಕು ಕಾಸು ಬೇಕಾದದ್ದು ಆಗಲೇ. ಅಂದಿನ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆ ಹಾನಿಗೆ ಹೆಕ್ಟೇರಿಗೆ 6,800 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಲಾವಣಿಗೆ ಹಿಡಿದು ಸಾಲ ಮಾಡಿ ಬಿತ್ತಿದವನ ಹೆಸರು ಅಲ್ಲಿಲ್ಲ. ಕಳೆ ತೆಗೆದು, ರಾಶಿಯ ಕೂಲಿ ನಂಬಿದ್ದ ಹೆಂಗಸಿನ ಹೆಸರಂತೂ ಎಲ್ಲಿಯೂ ಇಲ್ಲ. ಹೊಲ ಮುಳುಗಿದರೆ ಮೊದಲು ಮುಳುಗುವುದು ಅವಳ ಒಲೆ.

ಸರಕಾರದ ಲೆಕ್ಕ ತಿದ್ದಲು ನಾವು ಒತ್ತಾಯಿಸಲೇಬೇಕು. ಜೊತೆಗೆ ನಮ್ಮ ಲೆಕ್ಕವನ್ನೂ ನೋಡಿಕೊಳ್ಳೋಣ. ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವನ ಜೊತೆ ಸಾಲಗಾರನೂ ಇದ್ದಾನೆ. ನೆರೆ ಬಂದಾಗ ನಾವು ಚಾದರ ಹಂಚುತ್ತೇವೆ, ಅನ್ನ ಬೇಯಿಸಿ ಬಡಿಸುತ್ತೇವೆ; ಹದಿನೈದು ದಿನದಲ್ಲಿ ಮರೆಯುತ್ತೇವೆ. ಬಿತ್ತನೆಗೆ ಮೊದಲು ಒಬ್ಬನ ಸಾಲ ತೀರಿಸಿದರೆ, ಒಬ್ಬಳಿಗೆ ಎರಡು ಮೇಕೆ ಕೊಡಿಸಿದರೆ ಅದು ಮುಂದಿನ ವರ್ಷಕ್ಕೂ ಉಳಿಯುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿತು. ನೀರು ಪಹಣಿ ನೋಡಿ ಮನೆಗೆ ನುಗ್ಗುವುದಿಲ್ಲ. ನೆರವಾದರೂ ಏಕೆ ಪಹಣಿ ನೋಡಬೇಕು?